ಗ್ರಹಗಳ ಎಲೆಯಾಟ: ಕೆಲವು ಅಲಕ್ಷಿತ ನಿಯಮಗಳ ವಿಮರ್ಶೆ

ಮುಮ್ಮಡಿ ಕೃಷ್ಣರಾಜ ಒಡೆಯರ (1794–1868) ಆಶ್ರಯದಲ್ಲಿ ಸಿದ್ಧವಾದ ಶ್ರೀತತ್ತ್ವನಿಧಿಯಲ್ಲಿ ಒಂಬತ್ತು ನಿಧಿಗಳುಂಟು. ಅವುಗಳಲ್ಲಿ ಗ್ರಹನಿಧಿಯೊಂದು; ಕಡೆಯದು ಕೌತುಕನಿಧಿ. ಗ್ರಹನಿಧಿಯನ್ನು ಮೂರ್ತಿಶಿಲ್ಪದ ಅಭ್ಯಾಸಿಗಳು ಆದರದಿಂದ ಓದುತ್ತಾರೆ. ಆಟಗಳನ್ನು ನಿರೂಪಿಸುವ ಕೌತುಕನಿಧಿಯನ್ನಾದರೋ, 1831ರಲ್ಲಿ ಆಡಳಿತವನ್ನು ಕಳೆದುಕೊಂಡ ಅರಸನ ಕಾಲಹರಣವೆಂದು ಬದಿಗಿಡುವುದೇ ವಾಡಿಕೆಯಾಗಿದೆ. ಈ ಉಪೇಕ್ಷೆ ಉಚಿತವಲ್ಲವೆಂದು ತೋರಿಸುವುದು ಪ್ರಕೃತ ಲೇಖನದ ಉದ್ದೇಶ.

ಗಂಜೀಫಾ ಎಲೆಯಾಟವು ಮೊಗಲರ ಕಾಲದಲ್ಲಿ ಭಾರತದಲ್ಲಿ ಪ್ರಸಿದ್ಧಿಗೆ ಬಂದಿತು. ಅದರ ಮೊಗಲ್ ರೂಪದಲ್ಲಿ 8 ವರ್ಗಗಳು, 96 ಎಲೆಗಳು. ದಶಾವತಾರದಲ್ಲಿ 10 ವರ್ಗಗಳು, 120 ಎಲೆಗಳು. ನವಗ್ರಹದಲ್ಲಿ 9 ವರ್ಗಗಳು, 108 ಎಲೆಗಳು. ಪ್ರತಿ ವರ್ಗಕ್ಕೂ ಒಬ್ಬ ರಾಜ, ಒಬ್ಬ ಮಂತ್ರಿ, ಹತ್ತು ಸಂಖ್ಯೆಯ ಎಲೆಗಳು. ಇಷ್ಟನ್ನು ಎಲ್ಲರೂ ಬರೆದಿದ್ದಾರೆ. ಆದರೆ ಮೊಗಲ್ ಮತ್ತು ದಶಾವತಾರ ಆಟಗಳಲ್ಲಿ ಅರ್ಧ ವರ್ಗಗಳಲ್ಲಿ ಹತ್ತು ಮೇಲು, ಒಂದು ಕೀಳು. ಉಳಿದರ್ಧದಲ್ಲಿ ಈ ಕ್ರಮವು ತಲೆಕೆಳಗಾಗುತ್ತದೆ ಎಂಬುದನ್ನು ಗಮನಿಸಿದವರು ವಿರಳ. ಇದಕ್ಕಿಂತಲೂ ವಿಚಿತ್ರವಾದುದು ಇನ್ನೊಂದು ನಿಯಮ. ಹಗಲಿನಲ್ಲಿ ಆಡಿದರೆ ರಾಮನ ವರ್ಗದ ರಾಜನನ್ನು ಪಡೆದವನು ಆಟವನ್ನು ಆರಂಭಿಸಬೇಕು; ರಾತ್ರಿಯಾದರೆ ಕೃಷ್ಣನ ರಾಜನನ್ನು ಪಡೆದವನು. ಮೊಗಲ್ ಆಟದಲ್ಲಿ ಈ ಅಧಿಕಾರವು ಹಗಲಿಗೆ ಚಿನ್ನದ ನಾಣ್ಯದ ವರ್ಗಕ್ಕೂ ರಾತ್ರಿಗೆ ಬೆಳ್ಳಿಯ ನಾಣ್ಯದ ವರ್ಗಕ್ಕೂ ಸೇರಿದ್ದು. ಎಂದರೆ ಆಕಾಶದ ಸೂರ್ಯಚಂದ್ರರು ಆಟದ ಮಣೆಯ ಮೇಲೂ ಆಳುತ್ತಾರೆ.

ಮುಮ್ಮಡಿಯವರು ಈ ಪರಂಪರೆಯನ್ನು ವಿಸ್ತರಿಸಿದರು. ಅವರ ಛದಗಳಲ್ಲಿ ವರ್ಗವೊಂದಕ್ಕೆ ಸಾಮಾನ್ಯವಾಗಿ 12 ಸಂಖ್ಯೆಯ ಎಲೆಗಳು, 6 ಆಸ್ಥಾನದ ಎಲೆಗಳು. ಕೆಲವದರಲ್ಲಿ 18 ವರ್ಗಗಳವರೆಗೂ, 360 ಎಲೆಗಳವರೆಗೂ ಬೆಳವಣಿಗೆಯುಂಟು. ಯಾವ ವರ್ಗವನ್ನಾದರೂ ಗೆಲ್ಲುವ ಶಾಶ್ವತ ತುರುಪು ಕೂಡ ಇವುಗಳಲ್ಲಿ ಕಾಣಬರುತ್ತದೆ. ಇವು ಅರಮನೆಯ ಹೊರಗೆ ಪ್ರಚಾರಕ್ಕೆ ಬರಲಿಲ್ಲವೆಂಬ ಆಕ್ಷೇಪಣೆ ನ್ಯಾಯವಾದುದೇ. ಆದರೆ ಪ್ರಚಾರವಾಗದಿದ್ದುದು ವಿಚಾರಕ್ಕೆ ಅನರ್ಹವೆಂದು ಹೇಳಲಾಗದು.

ಕಳೆದ ವರ್ಷ ಬೋಗಾದಿಯ ನನ್ನ ಮನೆಯಲ್ಲಿ, ರಟ್ಟಿನಲ್ಲಿ ಮಾಡಿದ 120 ಎಲೆಗಳಿಂದ ಮೂವರು ವಿದ್ಯಾರ್ಥಿಗಳು ದಶಾವತಾರವನ್ನು ಆಡಿದರು. ತಲೆಗೆ 40 ಎಲೆ. ಹಂಚಿ ಮುಗಿಯುವಷ್ಟರಲ್ಲಿ ಮುಸ್ಸಂಜೆಯಾಯಿತು. ಇದು ಹಗಲೋ ರಾತ್ರಿಯೋ? ಆರಂಭಿಸಬೇಕಾದವರು ಯಾರು? ಮೂವರಲ್ಲಿಯೂ ವಾದವಾಯಿತು. ಆ ನಿಯಮವನ್ನು ಹತ್ತಾರು ಸಲ ಪಾಠದಲ್ಲಿ ಹೇಳಿದ್ದ ನನಗೆ ಅಂತಹ ಪ್ರಶ್ನೆಯೊಂದಿದೆಯೆಂದೇ ಹೊಳೆದಿರಲಿಲ್ಲ. ದೀಪ ಹಚ್ಚಿದರೆ ರಾತ್ರಿಯೆಂದು ನಾವು ತೀರ್ಮಾನಿಸಿಕೊಂಡೆವು. ಹಿಂದಿನವರೂ ಏನಾದರೊಂದನ್ನು ತೀರ್ಮಾನಿಸಿಕೊಂಡಿದ್ದಿರಬೇಕು.

ಅದೇ ವಿದ್ಯಾರ್ಥಿಗಳು ಸ್ಟೆಲ್ಲಾರಿಸ್ ಎಂಬ ಗಣಕಯಂತ್ರದ ಆಟದಲ್ಲಿಯೂ ಪಳಗಿದವರು. 2016ರಲ್ಲಿ ಸ್ವೀಡನ್ನಿನ ಸಂಸ್ಥೆಯೊಂದು ಪ್ರಕಟಿಸಿದ ಆ ಆಟದಲ್ಲಿ ನಕ್ಷತ್ರಗಳ ನಡುವೆ ಸಾಮ್ರಾಜ್ಯವನ್ನು ಕಟ್ಟಬೇಕು. ಅಪರೂಪಕ್ಕೊಮ್ಮೆ ಅಲ್ಲಿ ನಮ್ಮ ಭೂಮಿಯೇ ಎದುರಾಗುತ್ತದೆ. ಕೆಲವೊಮ್ಮೆ ಅಣುಯುದ್ಧದಿಂದ ಮನುಷ್ಯರು ಅಳಿದು, ಜಿರಲೆಗಳು ಬುದ್ಧಿಜೀವಿಗಳಾಗುವ ಹಾದಿಯಲ್ಲಿರುತ್ತವೆ. ಇಂತಹ ಗುಪ್ತವಿವರಗಳನ್ನು ಆಟಗಾರರು ಶ್ರದ್ಧೆಯಿಂದ ಪಟ್ಟಿಮಾಡಿದ್ದಾರೆ. ಅವರ ಶ್ರದ್ಧೆ ವಿದ್ವಾಂಸರಿಗೂ ಅನುಕರಣೀಯ. ಆದರೆ ಇಲ್ಲಿ ಒಂದು ಭೇದವುಂಟು. ಯಂತ್ರದ ಆಟದಲ್ಲಿ ನಿಯಮವು ಯಂತ್ರದೊಳಗಿರುತ್ತದೆ. ಯಾರೂ ಅರಿಯದಿದ್ದರೂ ಅದು ನಡೆಯುತ್ತದೆ. ಗಂಜೀಫಾದ ನಿಯಮವಾದರೋ ಆಡುವವರ ನೆನಪಿನಲ್ಲಿ ಮಾತ್ರ ಜೀವಿಸಬಲ್ಲದು. ಗ್ರಂಥವು ಸೂತ್ರವನ್ನು ಕೊಡುತ್ತದೆ. ಮುಸ್ಸಂಜೆಯ ಸಂದೇಹವನ್ನು ಪರಿಹರಿಸುವುದು ರೂಢಿ.

ನಮ್ಮ ವಿಮರ್ಶೆಯ ದೋಷ ಇಲ್ಲಿಯೇ ಇದೆ. ಗಂಜೀಫಾ ಎಲೆಯನ್ನು ಚಿತ್ರಕಲೆಯೆಂದು ಕಟ್ಟುಹಾಕಿ ಗೋಡೆಗೆ ತೂಗುಹಾಕಿದ್ದೇವೆ. ಮೈಸೂರಿನ ಎಲೆಗಳಿಗೆ ಭೌಗೋಳಿಕ ಸೂಚಕದ ಮನ್ನಣೆಯೂ ದೊರೆತಿದೆ, ಸಂತೋಷವೇ. ಆದರೆ ಆ ಮನ್ನಣೆ ಎಲೆಗೆ, ಆಟಕ್ಕಲ್ಲ. ಬಣ್ಣವನ್ನು ಬಣ್ಣಿಸಿ ನಿಯಮವನ್ನು ಬಿಟ್ಟರೆ, ನಾಣ್ಯದ ಅಚ್ಚನ್ನು ಹೊಗಳಿ ಅದರ ಬೆಲೆಯನ್ನು ಮರೆತಂತಾಗುತ್ತದೆ.

ಆದ್ದರಿಂದ ಕಾಲೇಜುಗಳಲ್ಲಿ ಕೌತುಕನಿಧಿಯನ್ನು ಓದುವವರು ಮೊದಲು ರಟ್ಟಿನ ಎಲೆಗಳನ್ನು ಮಾಡಿಕೊಂಡು ಆಡಿನೋಡಲಿ. ಆಡುವಾಗ ಎಲ್ಲಿ ಜಗಳ ಬಂದಿತೆಂಬುದನ್ನು ಬರೆದಿಡಲಿ. ಜಗಳ ಬಂದ ಸ್ಥಳವೇ ಸಂಶೋಧನೆ ಆರಂಭವಾಗಬೇಕಾದ ಸ್ಥಳ.