ಹದಿಮೂರರೊಳಗಿನ ಹತ್ತು: ಎಳೆಯರ ಗಣಿತ ಮತ್ತು ಸಂಖ್ಯಾಪದಗಳು

2019ರಲ್ಲಿ ಮಹಾರಾಷ್ಟ್ರದ ಬಾಲಭಾರತಿ ಸಂಸ್ಥೆಯು ಎರಡನೆಯ ತರಗತಿಯ ಮರಾಠಿ ಗಣಿತ ಪುಸ್ತಕದಲ್ಲಿ ‘ಬಾವನ್ನ’ ಎಂಬ ರೂಢಿಯ ಹೆಸರಿನ ಜೊತೆಗೆ ‘ಪನ್ನಾಸ್ ದೋನ್’ ಎಂಬ ಬಿಡಿಸಿದ ರೂಪವನ್ನೂ ಕೊಟ್ಟಿತು. ದೊಡ್ಡ ವಿವಾದವೇ ಎದ್ದಿತು. ಗಣಿತಜ್ಞೆ ಮಂಗಲಾ ನಾರಳೀಕರ್ ಈ ಬದಲಾವಣೆಯನ್ನು ಸಮರ್ಥಿಸಿದರು. ಚರ್ಚೆ ಬಹುಮಟ್ಟಿಗೆ ಮರಾಠಿಯ ಸೊಗಸು ಕೆಡುವುದೇ ಎಂಬಲ್ಲಿಯೇ ಸುತ್ತಿತು. ಅದೇ ರಾಜ್ಯದ ಜತ್ತ, ಅಕ್ಕಲಕೋಟೆಗಳ ಕನ್ನಡ ಮಕ್ಕಳ ಬಾಯಲ್ಲಿ ಈ ಬಿಡಿಸಿದ ರೂಪ ಮೊದಲಿನಿಂದಲೂ ಇದೆ ಎಂಬುದು ಅಲ್ಲಿ ಯಾರಿಗೂ ಮುಖ್ಯವಾಗಬೇಕಿರಲಿಲ್ಲ. ಕನ್ನಡದ ಶಿಕ್ಷಣತಜ್ಞರಿಗಾದರೂ ಆಗಬೇಕಿತ್ತು.

‘ಐವತ್ತೆರಡು’ ಎಂಬಲ್ಲಿ ಐವತ್ತು ಮೊದಲು, ಎರಡು ಆಮೇಲೆ. ಬರೆಯುವ ಕ್ರಮವೂ ಅದೇ. ಮರಾಠಿಯಲ್ಲಿ ಬಿಡಿಯೇ ಮುಂದೆ ಬರುತ್ತದೆ. 29 ಎಂಬುದು ‘ಏಕೋಣತೀಸ್’, ಅಂದರೆ ಮೂವತ್ತಕ್ಕೆ ಒಂದು ಕಡಿಮೆ. ಆದರೆ ಈ ಅನುಕೂಲವನ್ನು ಕನ್ನಡದ ಹಿರಿಮೆಯೆಂದು ಕೊಂಡಾಡಿ ಸುಮ್ಮನಾಗುವುದು ತಪ್ಪು. ಗಣಿತದ ಬುನಾದಿ ಬೀಳುವುದು ಹತ್ತರ ಒಳಗೆ, ಎಂಟನ್ನು ಐದು-ಮೂರಾಗಿಯೂ ಆರು-ಎರಡಾಗಿಯೂ ಒಡೆದು ಮತ್ತೆ ಕೂಡಿಸುವಲ್ಲಿ. ‘ಎಂಟು’ ಎಂಬ ಪದ ಅದಾವುದನ್ನೂ ಹೇಳದು. ‘ಒಂಬತ್ತು’ ಎಂಬುದರಲ್ಲಿ ಹತ್ತಕ್ಕೆ ಒಂದು ಕಡಿಮೆ ಎಂಬ ಅರ್ಥವನ್ನು ಭಾಷಾವಿಜ್ಞಾನಿ ಕಾಣಬಹುದು. ಮಗುವಿನ ಕಿವಿಗೆ ಅದು ಕೇಳಿಸದು.

ಒಡೆಯುವ ಕೆಲಸವೂ ಹೆಸರೂ ಒಂದಾಗುವುದು ಹತ್ತನ್ನು ದಾಟುವಾಗ. ಎಂಟಕ್ಕೆ ಐದನ್ನು ಕೂಡಬೇಕು. ಐದನ್ನು ಎರಡು, ಮೂರು ಎಂದು ಒಡೆದು, ಎರಡನ್ನು ಎಂಟಕ್ಕೆ ಕೊಟ್ಟರೆ ಹತ್ತು, ಉಳಿದದ್ದು ಮೂರು. ಹತ್ತು ಮತ್ತು ಮೂರು: ಹದಿಮೂರು. ಉತ್ತರವನ್ನು ಬೇರೆಯಾಗಿ ನೆನೆಯಬೇಕಿಲ್ಲ, ಮಾಡಿದ ಕೆಲಸವೇ ಅದರ ಹೆಸರು. ಮರಾಠಿಯ ‘ತೇರಾ’ದಲ್ಲಿ ಈ ಕೊನೆಯ ಮೆಟ್ಟಿಲು ಮುಚ್ಚಿಹೋಗಿದೆ. ಕನ್ನಡದಲ್ಲಿಯೂ ‘ಹದಿ’ ಎಂದರೆ ಹತ್ತೇ ಎಂದು ಒಮ್ಮೆಯಾದರೂ ತೋರಿಸಬೇಕಾಗುತ್ತದೆ, ‘ಹನ್ನೊಂದು’, ‘ಹನ್ನೆರಡು’ಗಳಲ್ಲಂತೂ ಖಂಡಿತ. ಮಗ್ಗಿಯನ್ನು ಒಪ್ಪಿಸುವುದೇ ಲೆಕ್ಕವೆಂದು ನಂಬಿದ ತರಗತಿಯಲ್ಲಿ ಇದು ನಡೆಯದು. ಎಂಟರ ಮುಂದೆ ಐದು ಬೆರಳು ಮಡಚಿ ಹದಿಮೂರನ್ನು ಮುಟ್ಟಿದ ಮಗುವಿಗೆ ಉತ್ತರ ಸರಿಯಾಗಿ ಬಂದಿರುತ್ತದೆ, ಹತ್ತು ಮಾತ್ರ ಕಂಡಿರುವುದಿಲ್ಲ.

ಕನ್ನಡದ ಮನೆಯಿಂದ ಮರಾಠಿ ಶಾಲೆಗೆ ಹೋಗುವ ಮಗುವಿನ ನಷ್ಟ ಇನ್ನೂ ಹೆಚ್ಚು. ಮನೆಯಲ್ಲಿ ಹತ್ತನ್ನು ತೋರಿಸುತ್ತಿದ್ದ ಪದ ಶಾಲೆಯ ಹೊಸ್ತಿಲಲ್ಲಿಯೇ ಉಳಿಯುತ್ತದೆ. ‘ತೇರಾ’ ಎಂದರೆ ಹತ್ತು ಮತ್ತು ಮೂರು ಎಂದು ಅದರ ಮಾತಿನಲ್ಲಿಯೇ ಹೇಳಿಕೊಡಲು ಹೊಸ ಪುಸ್ತಕವೇನೂ ಬೇಡ, ಎರಡೂ ಭಾಷೆ ಬಲ್ಲ ಶಿಕ್ಷಕ ಬೇಕು.

ಸಾಧನಗಳಿಗೂ ಬರವಿಲ್ಲ. ಅನುವಾದಿತ ಪಾಠಗಳ ಬಣ್ಣದ ಚೆಂಡುಗಳಿಗಿಂತ ಚೌಕಾಬಾರದ ನಾಲ್ಕು ಕವಡೆಗಳು ಈ ಪಾಠಕ್ಕೆ ಹೆಚ್ಚು ಒಗ್ಗುತ್ತವೆ. ಮೂರು ಬಾಯ್ತೆರೆದು ಬಿದ್ದರೆ ಒಂದು ಬೋರಲು, ಎರಡಾದರೆ ಎರಡು. ಬಿದ್ದ ಬಗೆ ಬೇರೆ, ಮೊತ್ತ ನಾಲ್ಕೇ. ಆಟಗಾರರು ತೆರೆದವುಗಳನ್ನಷ್ಟೇ ಎಣಿಸುತ್ತಾರೆ. ಶಿಕ್ಷಕರು ಬೋರಲು ಬಿದ್ದವು ಎಷ್ಟೆಂದೂ ಕೇಳಬಹುದು. ಮುಂದೆ ಐದು, ಏಳು, ಹತ್ತು ಹುಣಸೆ ಬೀಜಗಳನ್ನು ಒಂದು ಬದಿ ತೇಯ್ದು ಎಸೆದರೆ ಅದೇ ಪ್ರಶ್ನೆಯನ್ನು ಬೆಳೆಸಬಹುದು.