ಕಾಣದ್ದೇ ಭಯಂಕರ ಎಂಬ ಮಾತು

ಭಯದ ಕಾದಂಬರಿಗೆ ಮುಖಪುಟ ಬರೆಸುವ ಮಾತು ಬಂದಾಗಲೆಲ್ಲ ನಮ್ಮ ಸಾಹಿತ್ಯವಲಯದಲ್ಲಿ ಒಂದು ತೀರ್ಪು ಸಿದ್ಧವಾಗಿರುತ್ತದೆ: ದೆವ್ವವನ್ನು ತೋರಿಸಬಾರದು. ಅರೆತೆರೆದ ಬಾಗಿಲು, ಉದ್ದನೆಯ ನೆರಳು, ಮಂಜು ಕವಿದ ಬಂಗಲೆ ಇದ್ದರೆ ಸಾಕು. ಉಳಿದದ್ದನ್ನು ಓದುಗನೇ ಕಲ್ಪಿಸಿಕೊಳ್ಳುತ್ತಾನೆ. ಕೋರೆಹಲ್ಲು, ನೆತ್ತರು, ಕೆಂಗಣ್ಣು ಬರೆದರೆ ಅದು ಬಸ್ ನಿಲ್ದಾಣದ ಅಂಗಡಿಯಲ್ಲಿ ನೇತುಹಾಕುವ ಪುಸ್ತಕ. ಸೂಚಿಸಿದರೆ ಕಲೆ, ತೋರಿಸಿದರೆ ಅಗ್ಗ. ಈ ಮಾತು ಎಷ್ಟು ಸಲ ಕೇಳಿಬಂದಿದೆಯೆಂದರೆ, ಅದನ್ನು ಒರೆಗೆ ಹಚ್ಚಲು ಯಾರೂ ಹೋಗುವುದಿಲ್ಲ. ಕರಾವಳಿಯ ನಾವುಂದದ ಕಡೆಯವರು ಕಂಡುಂಡ ಯಕ್ಷಗಾನವನ್ನು ಮುಂದಿಟ್ಟುಕೊಂಡು ನೋಡಿದರೆ ಈ ಮಾತು ನಿಲ್ಲುವುದಿಲ್ಲ.

ಮಳೆ ನಿಂತು ಮೇಳಗಳು ಹೊರಟ ಮೇಲೆ ನಾವುಂದ, ಮರವಂತೆ, ಕಿರಿಮಂಜೇಶ್ವರದ ಬಯಲುಗಳಲ್ಲಿ ಆಟ ನಡೆಯುತ್ತದೆ. ಮಾರಣಕಟ್ಟೆ ಮೇಳದ್ದೋ ಮಂದಾರ್ತಿ ಮೇಳದ್ದೋ ಹರಕೆ ಆಟವೆಂದರೆ ಮಕ್ಕಳು ಮೊದಲು ಓಡುವುದು ವೇಷ ಕಟ್ಟುವ ಚೌಕಿಗೆ. ಅಲ್ಲಿ ಬಣ್ಣದ ವೇಷದವರು ಕನ್ನಡಿ ಹಿಡಿದು ಕೂತಿರುತ್ತಾರೆ. ಮುಖಕ್ಕೆ ಬಣ್ಣ ಬಳಿದು, ಅಕ್ಕಿಹಿಟ್ಟು, ಸುಣ್ಣ ಕಲಸಿದ ಚಿಟ್ಟಿಯನ್ನು ಚುಕ್ಕೆ ಚುಕ್ಕೆಯಾಗಿ ಇಡುತ್ತ ಗಂಟೆಗಟ್ಟಲೆ ರಾಕ್ಷಸನನ್ನು ಕಟ್ಟುತ್ತಾರೆ. ನಡುವೆ ಚಹಾ ಕುಡಿಯುತ್ತಾರೆ, ಪಕ್ಕದವರೊಡನೆ ಮಾತಾಡುತ್ತಾರೆ. ಆ ಮುಖ ಹೇಗೆ ಆಯಿತೆಂದು ಮಗು ಗೆರೆಗೆರೆಯಾಗಿ ನೋಡಿರುತ್ತದೆ. ಅಡಗಿಸಿಟ್ಟದ್ದು ಏನೂ ಇಲ್ಲ. ಹಾಗಿದ್ದೂ ನಡುರಾತ್ರಿ ಕಳೆದು, ಇಬ್ಬರು ಹಿಡಿದ ತೆರೆಯ ಹಿಂದಿನಿಂದ ಆರ್ಭಟೆ ಕೇಳಿ, ದೊಂದಿಗೆ ರಾಳದ ಪುಡಿ ಎರಚಿದಾಗ ಭಗ್ಗೆಂದ ಬೆಳಕಿನಲ್ಲಿ ಅದೇ ಮುಖ ಎದ್ದುಬಂದರೆ ಅದೇ ಮಗು ಅಜ್ಜಿಯ ಸೆರಗಿಗೆ ಮುಖ ಹುದುಗಿಸುತ್ತದೆ.

ಕಾಣದಿರುವುದೇ ಭಯದ ಮೂಲವಾಗಿದ್ದರೆ ಚೌಕಿಗೆ ಹೋಗಿಬಂದ ಮಗು ಹೆದರಬಾರದಿತ್ತು. ಹೆದರುತ್ತದೆ, ಏಕೆಂದರೆ ಆ ಹೆದರಿಕೆ ಹುಟ್ಟುವುದು ಬೆಳಕು ಯಾವ ಕಡೆಯಿಂದ ಬಂತು, ತೆರೆ ಎಷ್ಟು ಹೊತ್ತು ತಡೆದು ನಿಂತಿತು, ಮೊದಲು ಕಿರೀಟ ಕಂಡಿತೋ ಕಣ್ಣು ಕಂಡಿತೋ ಎಂಬುದರಿಂದ. ತೆರೆ ಇರುವುದು ತಡಮಾಡಲಿಕ್ಕೆ; ಕೊನೆಗೆ ಅದು ಸರಿಯಲೇಬೇಕು. ಇಡೀ ರಾತ್ರಿ ತೆರೆಯ ಹಿಂದೆಯೇ ಕುಣಿದುಹೋಗುವ ಘಟೋತ್ಕಚನನ್ನು ಯಾವ ಊರಿನವರೂ ಒಪ್ಪಲಾರರು.

ಇದು ಬಯಲಾಟಕ್ಕೆ ಸರಿ, ಪುಸ್ತಕದ ಮಾತು ಬೇರೆ ಎನ್ನಬಹುದು. ಹಾಗಾದರೆ ಪುಸ್ತಕಗಳನ್ನೇ ನೋಡೋಣ. ಬ್ರಾಮ್ ಸ್ಟೋಕರ್‌ನ 'ಡ್ರಾಕುಲಾ' 1897ರಲ್ಲಿ ಹೊರಬಂದಾಗ ರಟ್ಟಿಗೆ ಹಳದಿ ಬಟ್ಟೆ, ಕೆಂಪು ಅಕ್ಷರ ಬಿಟ್ಟರೆ ಚಿತ್ರವೇ ಇರಲಿಲ್ಲ. ಲೇಖಕ ಬದುಕಿರುವಾಗಲೇ, 1901ರಲ್ಲಿ, ಅದೇ ಪ್ರಕಾಶಕರು ಸಂಕ್ಷಿಪ್ತ ಅಗ್ಗದ ಆವೃತ್ತಿ ತಂದರು. ಅದರ ಮುಖಪುಟದಲ್ಲಿ ಡ್ರಾಕುಲಾ ಕೋಟೆಯ ಗೋಡೆಯ ಮೇಲೆ ತಲೆಕೆಳಗಾಗಿ, ಬೆರಳೂರಿಕೊಂಡು ಇಳಿಯುತ್ತಿದ್ದಾನೆ. ಇಡೀ ಆಕೃತಿ ಬಯಲಲ್ಲಿದೆ. ನೂರಿಪ್ಪತ್ತು ವರ್ಷ ಕಳೆದ ಮೇಲೂ ಆ ಚಿತ್ರ ಮೈ ನಡುಗಿಸುತ್ತದೆ. ಕಾದಂಬರಿಯಲ್ಲಿ ಡ್ರಾಕುಲಾನ ಅತಿಥಿ ಜೊನಾಥನ್ ಹಾರ್ಕರ್ ಕಿಟಕಿಯಿಂದ ಬಗ್ಗಿ ಕಂಡ ದೃಶ್ಯ ಅದು. ತನ್ನ ಆತಿಥೇಯ ಮನುಷ್ಯನಲ್ಲ ಎಂದು ಅವನಿಗೆ ಖಚಿತವಾಗುವ ಗಳಿಗೆ. ಕಲಾವಿದ ಪುಸ್ತಕ ಓದಿ, ಅದರ ನಡುಕ ಎಲ್ಲಿದೆ ಎಂದು ಹುಡುಕಿ, ಅಲ್ಲಿಗೆ ಕೈ ಹಾಕಿದ್ದಾನೆ.

ಮೇರಿ ಶೆಲ್ಲಿಯ 'ಫ್ರಾಂಕೆನ್‌ಸ್ಟೈನ್' 1818ರದ್ದು. 1831ರ ಆವೃತ್ತಿಗೆ ಥಿಯೊಡೋರ್ ಫಾನ್ ಹೋಲ್ಸ್ಟ್ ಬರೆದ ಮೊದಲ ಪುಟದ ಚಿತ್ರದಲ್ಲಿ ಸೃಷ್ಟಿಯಾದ ಜೀವಿ ನೆಲದ ಮೇಲೆ ಬಿದ್ದುಕೊಂಡು ತನ್ನ ಮೈಯನ್ನೇ ದಿಗಿಲಿನಿಂದ ನೋಡಿಕೊಳ್ಳುತ್ತದೆ. ಅದನ್ನು ಮಾಡಿದವನು ಬಾಗಿಲು ದಾಟಿ ಓಡುತ್ತಿದ್ದಾನೆ. ಮುಖ, ಮೈ, ಪಕ್ಕದ ಅಸ್ಥಿಪಂಜರ ಎಲ್ಲವೂ ಕಾಣುತ್ತವೆ. ಆ ಜೀವಿಗೆ ತನ್ನನ್ನು ಕಂಡೇ ಭಯ. ಇದನ್ನು ನೆರಳಿನಲ್ಲಿ ಬರೆದಿದ್ದರೆ ಕಾದಂಬರಿಯ ಅರ್ಧ ಜೀವ ಹೋಗುತ್ತಿತ್ತು.

ಸೂಚನೆಯ ಕಲೆಗೆ ಎಲ್ಲರೂ ಉದಾಹರಿಸುವ ಹೆಸರು ಎಂ. ಆರ್. ಜೇಮ್ಸ್. 1904ರಲ್ಲಿ ಬಂದ ಅವನ ಮೊದಲ ದೆವ್ವದ ಕಥೆಗಳ ಸಂಗ್ರಹಕ್ಕೆ ಗೆಳೆಯ ಜೇಮ್ಸ್ ಮ್ಯಾಕ್‌ಬ್ರೈಡ್ ಚಿತ್ರ ಬರೆಯುತ್ತಿದ್ದ. ನಾಲ್ಕು ಮುಗಿಸುವಷ್ಟರಲ್ಲಿ ತೀರಿಕೊಂಡ. ಜೇಮ್ಸ್ ಬೇರೊಬ್ಬರ ಕೈಯಿಂದ ಬರೆಸದೆ ಆ ನಾಲ್ಕನ್ನೇ ಇಟ್ಟು ಪುಸ್ತಕ ತಂದ. ಅವುಗಳಲ್ಲಿ ಒಂದರಲ್ಲಿ ಹಾಸಿಗೆಯ ಬಟ್ಟೆಯೇ ಆಕಾರ ತಳೆದು ಕೋಣೆಯೊಳಗಿನ ಮನುಷ್ಯನ ಮೇಲೆ ಎರಗುತ್ತಿದೆ. ಇನ್ನೊಂದು ಅದೇ ಕಥೆಯ ಕಡಲತೀರದ ಕನಸು: ಅಲೆ ತಡೆಯಲು ಹಾಕಿದ ಅಡ್ಡಗಟ್ಟೆಗಳನ್ನು ಹತ್ತಿಳಿದು ಓಡಿ ಸೋತವನೊಬ್ಬ. ಮರವಂತೆಯ ಕಡಲ್ಕೊರೆತಕ್ಕೆ ಸುರಿದ ಕಲ್ಲುಗಳ ಮೇಲೆ ಸಂಜೆ ಹೊತ್ತು ಎಡವುತ್ತ ನಡೆದವರಿಗೆ ಆ ಚಿತ್ರ ಪರಕೀಯ ಅನ್ನಿಸುವುದಿಲ್ಲ. ಕಡಿಮೆ ಹೇಳುವುದರಲ್ಲಿ ಅಷ್ಟು ಪಳಗಿದ ಲೇಖಕನೇ ದೆವ್ವವನ್ನು ಬರೆಯಲು ಬಿಟ್ಟ. ಬರೆದದ್ದನ್ನು ಪ್ರೀತಿಯಿಂದ ಉಳಿಸಿಕೊಂಡ.

ಎದುರುವಾದಿಗಳ ಕೈಯಲ್ಲಿ ಒಂದು ಗಟ್ಟಿ ಸಾಕ್ಷಿಯಿದೆ ಎಂಬುದನ್ನು ಮರೆಯಬಾರದು. 1915ರಲ್ಲಿ 'ರೂಪಾಂತರ' ಪುಸ್ತಕವಾಗುವಾಗ ಕಾಫ್ಕಾ ಪ್ರಕಾಶಕರಿಗೆ ಪತ್ರ ಬರೆದು, ಹುಳುವನ್ನು ಮಾತ್ರ ಬರೆಯಿಸಬೇಡಿ, ದೂರದಿಂದಲೂ ಬೇಡ ಎಂದು ಬೇಡಿಕೊಂಡ. ಅವನ ಮಾತು ನೂರಕ್ಕೆ ನೂರು ಸರಿ. ಕಥಾನಾಯಕ ಗ್ರೆಗೊರ್ ಸಾಮ್ಸಾ ಯಾವ ಹುಳುವಾದ ಎಂಬುದು ಗೊತ್ತಾದೊಡನೆ ಆ ಕಥೆ ಕೆಡುತ್ತದೆ. ಆದರೆ ಅದು ಒಂದು ಕೃತಿಯ ಒಳಗಿನಿಂದ ಹುಟ್ಟಿದ ನಿಯಮ. ಅದನ್ನು ಎಲ್ಲ ಭಯದ ಪುಸ್ತಕಗಳಿಗೂ ಹೊರಿಸಿದ್ದು ನಂತರದವರು. ಅಷ್ಟಕ್ಕೂ ಒಟ್ಟೊಮಾರ್ ಸ್ಟಾರ್ಕೆ ಬರೆದ ಆ ಮುಖಪುಟ ಬರಿಯ ಸೂಚನೆಯಲ್ಲ. ಕತ್ತಲೆಗೆ ತೆರೆದ ಬಾಗಿಲಿಗೆ ಬೆನ್ನು ಮಾಡಿ, ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ಬರುವ ಮನುಷ್ಯ ಅಲ್ಲಿದ್ದಾನೆ. ಹುಳು ಇಲ್ಲ, ನಿಜ. ಹುಳುವನ್ನು ಕಂಡವನ ಸಂಕಟ ಮಾತ್ರ ಎದ್ದು ಕಾಣುವಂತಿದೆ.

ಹಾಗಾದರೆ ಕೋರೆಹಲ್ಲಿನ ಮುಖಪುಟಗಳು ಅಗ್ಗವಾಗಿ ಕಾಣುವುದೇಕೆ? ಆ ಮುಖ ಎರವಲಿನದ್ದು ಎಂಬ ಕಾರಣಕ್ಕೆ. ಸ್ಟೋಕರ್‌ನ ಡ್ರಾಕುಲಾ ಮೊದಲು ಕಾಣಿಸಿಕೊಳ್ಳುವಾಗ ಉದ್ದ ಬಿಳಿ ಮೀಸೆಯ ಮುದುಕ. ಮೂಗಿನ ಮೇಲೆ ಕೂಡಿಕೊಂಡಂತಿರುವ ಪೊದೆಹುಬ್ಬು, ಚೂಪು ಕಿವಿ, ಅಂಗೈಯಲ್ಲಿ ಕೂದಲು. ನೆತ್ತರು ಕುಡಿದಂತೆ ಪ್ರಾಯಕ್ಕೆ ಮರಳುತ್ತಾನೆ. ನಾವು ಬರೆಯುವುದು ಮಾತ್ರ 1931ರ ಹಾಲಿವುಡ್ ಚಿತ್ರದಲ್ಲಿ ಬೇಲಾ ಲುಗೋಸಿ ಹೊತ್ತ ಮುಖ: ನುಣ್ಣಗೆ ಬೋಳಿಸಿದ ಗಲ್ಲ, ಎಣ್ಣೆ ಹಚ್ಚಿ ಬಾಚಿದ ತಲೆ, ಸಂಜೆಕೋಟು. ಕಲಾವಿದರಿಗೆ ಹಸ್ತಪ್ರತಿ ಕೊಡದೆ ನಾಲ್ಕು ಸಾಲಿನ ಸಾರಾಂಶ ಕೊಟ್ಟು, ನಾಳೆಗೆ ಬೇಕು ಎಂದು ಅವಸರ ಮಾಡಿದರೆ ಬೇರೆ ಏನು ಬಂದೀತು? ಅದೇ ಅವಸರದಲ್ಲಿ ಕೇಳಿದರೆ ಬರುವ ಅರೆತೆರೆದ ಬಾಗಿಲೂ ಎರವಲಿನದ್ದೇ. ಈಗ ಕಂಪ್ಯೂಟರಿನಲ್ಲಿ ಸಿದ್ಧ ಚಿತ್ರ ಹುಡುಕಿದರೆ ಮಂಜಿನ ಬಂಗಲೆಗಳು ರಾಶಿ ಬೀಳುತ್ತವೆ. ಸೂಚನೆಯೂ ಇಷ್ಟು ಸವೆದಿರುವಾಗ ಅದನ್ನೇ ಸದಭಿರುಚಿ ಎನ್ನುವುದು ನನಗೆ ಅನ್ಯಾಯವಾಗಿ ಕಾಣುತ್ತದೆ.

ಕಪ್ಪು ಬಣ್ಣದ ಬಗ್ಗೆಯೂ ಒಂದು ಮಾತು. ಭಯವೆಂದರೆ ಕಪ್ಪು ಎಂದು ನಮ್ಮ ಪ್ರಕಾಶಕರು ನಂಬಿದ್ದಾರೆ. ಬ್ರಹ್ಮಾವರ ತಾಲೂಕಿನ ಶಿರಿಯಾರದ ಹತ್ತಿರದ ಮೆಕ್ಕೆಕಟ್ಟಿಗೆ ಹೋಗಿ ನೋಡಬೇಕು. ಅಲ್ಲಿನ ದೈವಗಳ ಮರದ ಉರುಗಳು, ಅಂದರೆ ಮೂರ್ತಿಗಳು, ಕೆಂಪು, ಹಳದಿಯ ಉಜ್ವಲ ಬಣ್ಣಗಳಲ್ಲಿ, ಅರಳಿಸಿದ ಕಣ್ಣುಗಳಲ್ಲಿ ನಿಂತಿವೆ. ಹಳೆಯ ಉರುಗಳಲ್ಲಿ ಹಲವು ದೆಹಲಿಯ ಕರಕುಶಲ ವಸ್ತುಸಂಗ್ರಹಾಲಯ ಸೇರಿವೆ. ಅವುಗಳ ಎದುರು ನಿಂತಾಗ ಕತ್ತಲೆಯ ಸಹಾಯ ಬೇಕಾಗುವುದಿಲ್ಲ.

ಇಷ್ಟು ಹೇಳಿದ ಮೇಲೆ ಒಂದನ್ನು ಕಟ್ಟುನಿಟ್ಟಾಗಿ ಹೇಳಲೇಬೇಕು. ಆ ಉರುಗಳನ್ನೋ ದೈವಕೋಲದ ಮುಖವನ್ನೋ ತೆಗೆದು ದೆವ್ವದ ಕಾದಂಬರಿಗೆ ಅಂಟಿಸುವುದು ತಪ್ಪು. ಹಾಯ್ಗುಳಿ, ಬೊಬ್ಬರ್ಯ, ಪಂಜುರ್ಲಿ ನಮ್ಮ ಮನೆಗಳು ಕೈಮುಗಿಯುವ ದೈವಗಳು. ಅಲ್ಲಿನ ಭಯ ಭಕ್ತಿಯ ಇನ್ನೊಂದು ಮಗ್ಗುಲು. 2022ರಲ್ಲಿ 'ಕಾಂತಾರ' ಸಿನಿಮಾ ಬಂದ ಮೇಲೆ ಆ ಮುಖವನ್ನು ಎಲ್ಲೆಂದರಲ್ಲಿ ಅಂಟಿಸುವ ಆಸೆ ಹೆಚ್ಚಿದೆ. ಕಲಿಯಬೇಕಾದದ್ದು ಬಣ್ಣದ ಧೈರ್ಯವನ್ನು, ತೆರೆ ಸರಿಸುವ ಕ್ರಮವನ್ನು, ಮುಖವನ್ನಲ್ಲ.

ಕನ್ನಡಕ್ಕೆ 'ಡ್ರಾಕುಲಾ' ತರುವವರು ಈ ಕ್ರಮವನ್ನು ಬಳಸಬಹುದು. ಪುಸ್ತಕದ ಹಿಂಬದಿಯಿಂದ ಬೆನ್ನು ದಾಟಿ ಮುಂಬದಿಗೆ ಒಂದೇ ಗೋಡೆ ಹಬ್ಬಲಿ. ಅಂಗಡಿಯಲ್ಲಿ ಮೊದಲು ಕಾಣುವ ಬೆನ್ನಿನ ಮೇಲೆ ಬರಿಯ ಕಲ್ಲಿಗೆ ಊರಿದ ಬೆರಳುಗಳು. ಕೈಗೆ ತೆಗೆದುಕೊಂಡಾಗ ಮುಂಬದಿಯಲ್ಲಿ ಅವನ ಬಿಳಿ ಮೀಸೆ, ಕೂಡಿದ ಹುಬ್ಬು, ಕೆಂಪು ತುಟಿ, ಬೆಳಕು ಕೆಳಗಿನಿಂದ, ರಾಳ ಉರಿದಂತೆ. ಬೆನ್ನು ತೆರೆಯ ಕೆಲಸ ಮಾಡುತ್ತದೆ.

ಇದಕ್ಕಿಂತ ಕಷ್ಟದ್ದು ಯಂಡಮೂರಿ ವೀರೇಂದ್ರನಾಥರ 'ತುಳಸಿದಳ'. ತೆಲುಗಿನಿಂದ ಬಂದು ನಮ್ಮಲ್ಲಿ ಮನೆಮಾತಾಗಿ, 1985ರಲ್ಲಿ ಕನ್ನಡ ಸಿನಿಮಾವೂ ಆದ ಕಾದಂಬರಿ. ಕಾಷ್ಮೋರ ಎಂಬ ಮಾಟದ ಪ್ರಯೋಗ ಒಂದು ಕಡೆ, ವೈದ್ಯರ ವಿವರಣೆ ಇನ್ನೊಂದು ಕಡೆ ಅದರಲ್ಲಿ ಜೊತೆಜೊತೆಗೇ ಓಡುತ್ತವೆ. ನಿಂಬೆಹಣ್ಣು, ಸೂಜಿ ಚುಚ್ಚಿದ ಗೊಂಬೆ ಬರೆದರೆ ಕಲಾವಿದ ಮಾಟದ ಪರ ತೀರ್ಪು ಕೊಟ್ಟಂತೆ. ನೆರಳು ಬರೆದರೆ ಯಾವ ಪುಸ್ತಕಕ್ಕೂ ಸಲ್ಲುವ ಚಿತ್ರ. ಅಲ್ಲಿ ಬರೆಯಬೇಕಾದದ್ದು ತುಳಸಿ ಎಂಬ ಆ ಪುಟ್ಟ ಹುಡುಗಿಯನ್ನು, ಹಾಡಹಗಲಿನ ಬೆಳಕಿನಲ್ಲಿ, ಕಣ್ಣು ತಪ್ಪಿಸದೆ. ಅವಳ ಮುಖದಲ್ಲಿ ಆಗುತ್ತಿರುವ ಬದಲಾವಣೆ ಮಾಟದ್ದೋ ಕಾಯಿಲೆಯದ್ದೋ ಎಂದು ತಂದೆತಾಯಿಗೆ ಗೊತ್ತಾಗುವುದಿಲ್ಲ. ಕಲಾವಿದನೂ ಅದನ್ನು ತೀರ್ಮಾನಿಸಬೇಕಾಗಿಲ್ಲ, ಆದರೆ ಆ ಬದಲಾವಣೆಯನ್ನು ಅವನು ಬರೆದು ತೋರಿಸಬೇಕು.