‘ನರ’ ಎಂದರೆ ಯಾವುದು?

ನರ್ಸಿಂಗ್ ಮೊದಲ ವರ್ಷ ಓದುತ್ತಿರುವ ಅಕ್ಕನ ಮಗಳ ಚೀಲದಲ್ಲಿ ಇಟ್ಟಿಗೆಯಷ್ಟು ಭಾರದ ಪುಸ್ತಕವೊಂದಿತ್ತು. ‘ರಾಸ್ ಆಂಡ್ ವಿಲ್ಸನ್’ ಎಂದೇ ಎಲ್ಲರೂ ಕರೆಯುವ ಅಂಗರಚನೆ ಮತ್ತು ಶರೀರಕ್ರಿಯೆಯ ಪಠ್ಯ. ಜಾನೆಟ್ ರಾಸ್ ಮತ್ತು ಕ್ಯಾಥ್ಲೀನ್ ವಿಲ್ಸನ್ 1963ರಲ್ಲಿ ಇದನ್ನು ಬರೆದರು. ನಂತರದ ಆವೃತ್ತಿಗಳನ್ನು ಆ್ಯನ್ ವಾ ಮತ್ತು ಆ್ಯಲಿಸನ್ ಗ್ರಾಂಟ್ ಬೆಳೆಸಿದ್ದಾರೆ. ಮೂರು ದಿನ ಅದನ್ನು ಬಿಡದೆ ಓದಿದೆ.

ಒಳ್ಳೆಯ ಪುಸ್ತಕ, ಅನುಮಾನವಿಲ್ಲ. ಅಂಗ ಹೇಗಿದೆ, ಏನು ಮಾಡುತ್ತದೆ, ಕೆಟ್ಟರೆ ಏನಾಗುತ್ತದೆ, ಮೂರನ್ನೂ ಒಂದೇ ಎಳೆಯಲ್ಲಿ ಹೇಳುತ್ತದೆ. ಹೃದಯದ ಎಡ ಹೃತ್ಕುಕ್ಷಿಯ ಗೋಡೆ ಬಲಗಡೆಯದಕ್ಕಿಂತ ದಪ್ಪವೇಕೆ? ಬಲಗಡೆಯದು ಪಕ್ಕದ ಶ್ವಾಸಕೋಶಕ್ಕೆ ರಕ್ತ ದೂಡಿದರೆ ಸಾಕು, ಎಡಗಡೆಯದು ಇಡೀ ಮೈಗೆ ದೂಡಬೇಕು. ಒಂದು ಬಡಿತಕ್ಕೆ ಸುಮಾರು 70 ಮಿಲಿಲೀಟರ್, ನಿಮಿಷಕ್ಕೆ ಸುಮಾರು 5 ಲೀಟರ್. ಇಷ್ಟು ತಿಳಿದ ಮೇಲೆ ಆ ಗೋಡೆಯ ದಪ್ಪವನ್ನು ಉರುಹೊಡೆಯಬೇಕಿಲ್ಲ.

ನನ್ನ ತಕರಾರು ಬೇರೆ. ಈ ಪುಸ್ತಕ ಓದಿದ ಹುಡುಗಿ ನಾಳೆ ನಿಲ್ಲುವುದು ಕನ್ನಡ ಮಾತನಾಡುವ ರೋಗಿಯ ಮುಂದೆ. ಡ್ರಿಪ್ ಹಾಕಲು ಕೈ ಹಿಡಿದರೆ ಆತ ಕೇಳುವುದು, “ನರ ಸಿಗ್ತಾ ಇಲ್ವಾ ಸಿಸ್ಟರ್?” ಅವಳ ಪುಸ್ತಕದಲ್ಲಿ ನರ್ವ್ ಬೇರೆ, ವೇನ್ ಬೇರೆ, ಟೆಂಡನ್ ಬೇರೆ. ನಮ್ಮ ಆಡುಮಾತಿನಲ್ಲಿ ಮೂರೂ ನರವೇ. ಉರ್ದುವಿನ ‘ನಸ್’ ಕೂಡ ಹಾಗೆಯೇ. ಇದನ್ನು ಅಜ್ಞಾನವೆಂದು ನಗುವವರಿಗೆ ಒಂದು ಮಾತು: ‘ನ್ಯೂರಾನ್’ ಎಂಬ ಗ್ರೀಕ್ ಪದಕ್ಕೂ ಮೊದಲಿದ್ದ ಅರ್ಥ ಸ್ನಾಯುರಜ್ಜು, ಬಿಲ್ಲಿನ ಹೆದೆ. ಕ್ರಿಸ್ತಪೂರ್ವ 3ನೇ ಶತಮಾನದಲ್ಲಿ ಅಲೆಕ್ಸಾಂಡ್ರಿಯಾದ ಹೆರೋಫಿಲಸ್ ಶವಗಳನ್ನು ಸೀಳಿ ನೋಡಿದ ಮೇಲೆಯೇ ನರ ಬೇರೆ, ರಜ್ಜು ಬೇರೆ ಎಂಬುದು ಸ್ಪಷ್ಟವಾದದ್ದು.

ಪದಗಳ ಈ ಪ್ರಯಾಣದ ಬಗ್ಗೆ ಪಠ್ಯ ಹೆಚ್ಚೇನೂ ಹೇಳುವುದಿಲ್ಲ. ಮಿದುಳಿನ ಹೊರಪೊರೆ ‘ಡ್ಯೂರಾ ಮೇಟರ್’, ಲ್ಯಾಟಿನ್‌ನಲ್ಲಿ ‘ಗಟ್ಟಿ ತಾಯಿ’. ಪೊರೆಗೂ ತಾಯಿಗೂ ಏನು ಸಂಬಂಧ? ಅರಬ್ ವೈದ್ಯರು ಅದನ್ನು ‘ಮಿದುಳಿನ ತಾಯಿ’ ಎಂದು ಕರೆಯುತ್ತಿದ್ದರು, 12ನೇ ಶತಮಾನದಲ್ಲಿ ಅದು ಪದಕ್ಕೆ ಪದ ಲ್ಯಾಟಿನ್‌ಗೆ ಹೋಯಿತು. ಅನುವಾದದಿಂದಲೇ ಬೆಳೆದ ಶಾಸ್ತ್ರವನ್ನು ನಮ್ಮ ಮಕ್ಕಳಿಗೆ ಅನುವಾದವೇ ಸಾಧ್ಯವಿಲ್ಲ ಎಂಬಂತೆ ಕಲಿಸುತ್ತಿದ್ದೇವೆ.

ಪ್ರಾಣಕ್ಕೆ ಸಂಬಂಧಿಸಿದ ಮಾತೂ ಇದರಲ್ಲಿದೆ. ನನ್ನ ಚಿಕ್ಕಪ್ಪ ಒಂದು ರಾತ್ರಿ “ಎದೆ ಉರಿ, ಗ್ಯಾಸ್ಟ್ರಿಕ್” ಎಂದು ಸೋಡಾ ಕುಡಿದು ಮಲಗಿದರು. ಬೆಳಿಗ್ಗೆ ಆಸ್ಪತ್ರೆಯಲ್ಲೂ ಅದನ್ನೇ ಹೇಳಿದರು, ಅಲ್ಲಿದ್ದವರು ಅದನ್ನೇ ಬರೆದುಕೊಂಡರು. ಅದು ಹೃದಯಾಘಾತವಾಗಿತ್ತು. ಅನ್ನನಾಳ ಹೃದಯದ ಬೆನ್ನಿಗೇ ಇದೆ. ಎರಡರ ನೋವಿನ ಸಂದೇಶಗಳೂ ಬೆನ್ನುಹುರಿಯ ಹೆಚ್ಚುಕಡಿಮೆ ಅದೇ ಭಾಗಗಳನ್ನು ಸೇರುತ್ತವೆ, ಎಡತೋಳಿನ ಒಳಬದಿಯ ಸಂದೇಶಗಳೂ ಅಲ್ಲಿಗೇ ಬರುತ್ತವೆ. ಹಾಗಾಗಿ ಚಿಕ್ಕಪ್ಪ ಸುಳ್ಳು ಹೇಳಲಿಲ್ಲ, ಅವರ ದೇಹ ತಿಳಿಸಿದ್ದೇ ಅಷ್ಟು. ಒಂದೆಡೆ ಹುಟ್ಟಿದ ನೋವು ಇನ್ನೊಂದೆಡೆ ತೋರುವುದನ್ನು ಈ ಪುಸ್ತಕ ನರವ್ಯೂಹದ ಅಧ್ಯಾಯದಲ್ಲಿ ಚಿತ್ರಸಮೇತ ವಿವರಿಸುತ್ತದೆ. ಆದರೆ ‘ಗ್ಯಾಸ್ಟ್ರಿಕ್’ ಎಂಬ ನಮ್ಮ ಮಾತಿನ ಹಿಂದೆ ಆ ಚಿತ್ರ ಅಡಗಿರಬಹುದೆಂದು ತಿಳಿಸಬೇಕಾದವರು ಇಲ್ಲಿಯ ಅಧ್ಯಾಪಕರು.

ಪಾಠ, ಪರೀಕ್ಷೆ ಎಲ್ಲವೂ ಇಂಗ್ಲಿಷಿನಲ್ಲಿರಲಿ, ನನ್ನದೇನೂ ಜಗಳವಿಲ್ಲ. ಹೊಟ್ಟೆ ಎಂದರೆ ಜಠರವೂ ಹೌದು, ಇಡೀ ಉದರವೂ ಹೌದು, ಬಸುರೂ ಹೌದು. ಕಾಲು ಎಂದರೆ ಸೊಂಟದಿಂದ ಬೆರಳಿನವರೆಗೆ, ಪುಸ್ತಕದ ‘ಲೆಗ್’ ಮಾತ್ರ ಮಂಡಿಯಿಂದ ಕಣಕಾಲಿನವರೆಗೆ. ಇಂಥ ನಲವತ್ತು ಐವತ್ತು ಪದ ಹೇಳಿಕೊಡಲು ಒಂದು ವಾರದ ತರಗತಿ ಸಾಕು. ಡಾ. ಅನುಪಮಾ ನಿರಂಜನ ದೇಹದ ವಿಷಯವನ್ನು ಸಾಮಾನ್ಯ ಗೃಹಿಣಿಗೆ ಅರ್ಥವಾಗುವ ಕನ್ನಡದಲ್ಲಿ ಬರೆದು ಎಷ್ಟೋ ವರ್ಷಗಳಾದವು.

ಅಕ್ಕನ ಮಗಳು ಪುಸ್ತಕದ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದುಕೊಳ್ಳತೊಡಗಿದ್ದಾಳೆ. “ಮಾಮ, ತಲೆ ಸುತ್ತಿದರೂ ವಾಂತಿ ಬಂದರೂ ಪಿತ್ತ ಅಂತಾರಲ್ಲ, ಅದನ್ನ ಎಲ್ಲಿ ಬರೀಲಿ?” ಎಂದು ಕೇಳಿದಳು. ಯಕೃತ್ತಿನ ಪುಟದಲ್ಲಂತೂ ಬೇಡ ಎಂದೆ.